ಚೊಂಗೆ ತಿಂದ ಬಾಯಿ

ಮೊನ್ನೆ ಸಂಜೆ ಬೆಟಗೇರಿಯ ನಮ್ಮ ಓಣಿಗೆ ಲೋಬಾನದ ಹೊಗೆ ಬಂತು. ಗುರುವಾರ ಗುರುವಾರ ಒಬ್ಬ ಫಕೀರ ಒಂದು ಕೈಯಲ್ಲಿ ನವಿಲುಗರಿಯ ಕಟ್ಟು, ಇನ್ನೊಂದರಲ್ಲಿ ಕೆಂಡದ ಬಟ್ಟಲು ಹಿಡಿದು ಅಂಗಡಿಯಿಂದ ಅಂಗಡಿಗೆ ಹೊಗೆ ಹಾಕುತ್ತ ಹೋಗುತ್ತಾನೆ. ನಾನು ಪಡಸಾಲೆಯಲ್ಲಿ ಕುಳಿತಿದ್ದೆ. ಎದುರಿಗೆ ನಾನು ಕಲಿಸಿದ ಶಾಲೆಯ ಕಮಿಟಿಯ ಇಬ್ಬರು ತರುಣರು. ಅವರು ತಂದ ಆಮಂತ್ರಣ ಪತ್ರಿಕೆ ನನ್ನ ಕೈಯಲ್ಲಿತ್ತು.

ಪತ್ರಿಕೆಯ ಮೇಲೆ ನಮ್ಮ ಓಣಿಯ ಹಳೆಯ ಮುಂದಾಳೊಬ್ಬರ ಫೋಟೋ. ಬಿಳಿ ಟೋಪಿ, ಹೆಗಲ ಮೇಲೆ ಮಡಿಕೆ ಕೆಡದ ಶಾಲು, ತುಟಿಯ ಮೇಲೆ ಅದೇ ನಗೆ. ಕೆಳಗೆ ಬಿರುದುಗಳು: ಸ್ವಾತಂತ್ರ್ಯ ಸೇನಾನಿ, ಏಕೀಕರಣದ ವೀರ, ನಾಗರಿಕ ಹಕ್ಕುಗಳ ಪ್ರತಿಪಾದಕ. ಮೂರನೆಯದನ್ನು ಓದುವಾಗ ನನಗೆ ಕೆಮ್ಮು ಬಂತು. ಹೊಗೆಗೆ ಕೆಮ್ಮಿದೆನೆಂದು ಒಬ್ಬ ಬಾಗಿಲು ಹಾಕಲು ಎದ್ದ.

“ಇರಲಿ ಬಿಡಪಾ, ಹೊಗಿ ಛಲೋ ಐತಿ,” ಎಂದೆ.

ಶಾಲೆಯಲ್ಲಿ ಅವರ ಭಾವಚಿತ್ರ ಅನಾವರಣವಂತೆ. ಅವರನ್ನು ಹತ್ತಿರದಿಂದ ಕಂಡವರು ಊರಿನಲ್ಲಿ ನಾನೊಬ್ಬಳೇ ಉಳಿದಿದ್ದೇನಂತೆ. ಬಂದು ಎರಡು ಮಾತು ಆಡಬೇಕಂತೆ. ಎರಡು ಮಾತು... ನಮ್ಮ ಮನೆಗೆ ಆಗ ಬೇಕಾಗಿದ್ದದ್ದು ಒಂದೇ ಮಾತು. ಅದನ್ನು ಆಡಲಾಗದ ಮನುಷ್ಯನ ಬಗ್ಗೆ ನಾನು ಎರಡು ಆಡಬೇಕು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಮರ್ಯಾದೆಗೆ ಅಲ್ಲ, ಬರೆಯಲು ಮನಸ್ಸಿಲ್ಲ. ಓಣಿಯವರೆಲ್ಲ ಅವರನ್ನು ಪುಢಾರಿಗಳು ಎನ್ನುತ್ತಿದ್ದರು. ನಮ್ಮ ಕಡೆ ಮುಂದಾಳುಗಳಿಗೆ ಹಾಗೆಯೇ ಅನ್ನುವುದು. ನಾನು ಕಾಕಾ ಎನ್ನುತ್ತಿದ್ದೆ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಬೇವಿನ ಗಿಡ, ಅಷ್ಟೇ. ಬ್ರಿಟಿಷರ ಕಾಲದಲ್ಲಿ, ಚಲೇಜಾವ್ ಚಳವಳಿಯಲ್ಲಿ ಅವರನ್ನು ವಿಚಾರಣೆಯಿಲ್ಲದೆ ಜೈಲಿನಲ್ಲಿ ಇಟ್ಟಿದ್ದರು. ಅದು ಸುಳ್ಳಲ್ಲ. ಹೊರಬಂದಾಗ ಎಲುಬಿನ ಹಂದರವಾಗಿದ್ದರು. ನಮ್ಮ ಅವ್ವ ರಾಗಿ ಗಂಜಿ ಮಾಡಿ ಒಯ್ದು ಕೊಟ್ಟದ್ದು ನನಗೆ ನೆನಪಿದೆ.

ನನಗೆ ಅಕ್ಷರ ಕಲಿಸಿದವರೂ ಅವರೇ. ನೇಕಾರರ ಮಗಳಿಗೆ ಓದು ಯಾಕೆ ಎನ್ನುತ್ತಿದ್ದ ಕಾಲ. ಅವರು ತಮ್ಮ ಕಟ್ಟೆಯ ಮೇಲೆ ಹುಡುಗಿಯರನ್ನು ಕೂಡಿಸಿ ಚರಕವನ್ನೂ ಅಕ್ಷರವನ್ನೂ ಒಟ್ಟಿಗೆ ಹೇಳಿಕೊಟ್ಟರು. ಅವರು ಪಾಟಿಯ ಮೇಲೆ ಬರೆಸಿದ ಒಂದು ವಾಕ್ಯ ಇವತ್ತಿಗೂ ನನಗೆ ಬಾಯಿಪಾಠ: ‘ಕೋರ್ಟಿನ ಮುಂದೆ ನಿಲ್ಲಿಸದೆ ಮನುಷ್ಯನನ್ನು ಕೂಡಿಹಾಕುವ ಸರಕಾರ ಸರಕಾರವಲ್ಲ, ಕಳ್ಳರ ಗುಂಪು.’ ದುಂಡಗೆ ಬರೆಯುವ ತನಕ ಬಿಡಲಿಲ್ಲ. ನಾನು ನಂಬಿದೆ. ಹದಿನಾರರ ಹುಡುಗಿ, ದೇವರಿಗಿಂತ ಸ್ವಲ್ಪ ಕೆಳಗೆ ಅವರನ್ನು ಇಟ್ಟುಕೊಂಡಿದ್ದೆ. ಓದುವುದು ಶಾಸ್ತ್ರ, ಇಕ್ಕುವುದು ಗಾಳ ಎಂಬ ಗಾದೆಯನ್ನು ಅವರು ಕಲಿಸಿರಲಿಲ್ಲ. ಅದನ್ನು ಮಾಡಿ ತೋರಿಸಿದರು.

ಅಪ್ಪನ ಬಗ್ಗೆ ಹೇಳಬೇಕು. ಅಪ್ಪ ಸೀರೆ ನೇಯುತ್ತಿದ್ದರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಸಂಜೆಯ ತನಕ ಏಳುತ್ತಿರಲಿಲ್ಲ, ಬಾಯಿಯಲ್ಲಿ ಹಾಡು ನಿಲ್ಲುತ್ತಿರಲಿಲ್ಲ. ಮೊಹರಮ್ಮಿನ ರಿವಾಯತ್ ಪದಗಳೆಂದರೆ ಅವರಿಗೆ ಪ್ರಾಣ. ಲಾಳಿಯ ಸದ್ದೇ ತಾಳ. ಓಣಿಯ ಹೆಂಗಸರು ನೀರಿಗೆ ಹೋಗುವಾಗ ಕೊಡ ಇಳಿಸಿ ನಿಂತು ಕೇಳುತ್ತಿದ್ದರು. ‘ಇವರ ಮಗ್ಗಕ್ಕ ನೂಲಿಗಿಂತ ಹಾಡ ಜಾಸ್ತಿ ಬೇಕು,’ ಎಂದು ಅವ್ವ ಬೈಯುತ್ತಿದ್ದಳು, ಬೈದು ತಾನೂ ನಿಲ್ಲುತ್ತಿದ್ದಳು.

ನಾವು ಹಿಂದೂಗಳು, ಆದರೆ ಮೊಹರಮ್ ನಮ್ಮ ಹಬ್ಬ. ಇದನ್ನು ಈಗಿನವರಿಗೆ ಬಿಡಿಸಿ ಹೇಳಬೇಕಾಗಿ ಬಂದದ್ದೇ ನನಗೆ ನಾಚಿಕೆ. ನಮ್ಮ ಕಡೆ ಎಷ್ಟೋ ಹಳ್ಳಿಗಳಲ್ಲಿ ಒಂದೂ ಮುಸಲ್ಮಾನರ ಮನೆಯಿಲ್ಲ, ಅಲ್ಲೂ ಹಬ್ಬ ನಿಂತಿಲ್ಲ. ನಮ್ಮ ಮೂಲ ಊರು ಮುಂಡರಗಿ ದಾರಿಯ ಡೋಣಿ. ನಮ್ಮ ಅಜ್ಜನಿಗೆ ಚಿಕ್ಕಂದಿನಲ್ಲಿ ಬಹಳ ವರ್ಷ ಮಾತು ಬರಲಿಲ್ಲವಂತೆ. ಡೋಣಿಯಲ್ಲಿ ಮೊಹರಮ್ಮಿಗೆ ಕೂಡಿಸಿದ ಪಂಜಾ ದೇವರ ಮುಂದೆ ಮೊದಲ ಮಾತು ಬಂತಂತೆ. ಅಂದಿನಿಂದ ನಮ್ಮ ಮನೆತನದ್ದೊಂದು ಹರಕೆ. ವರ್ಷಕ್ಕೊಮ್ಮೆ ಮನೆಯ ಗಂಡಸು ತನ್ನ ಮಗ್ಗದಲ್ಲಿ ನೇಯ್ದ ಹಸಿರು ಬಟ್ಟೆಯನ್ನು ತಲೆಯ ಮೇಲೆ ಹೊತ್ತು ಡೋಣಿಗೆ ನಡೆದು ಹೋಗಬೇಕು. ಹೊಸ್ತಿಲು ದಾಟಿದ ಮೇಲೆ ದೇವರಿಗೆ ಬಟ್ಟೆ ಏರಿಸುವ ತನಕ ಮಾತಿಲ್ಲ. ಯಾರು ಎದುರಾದರೂ ಇಲ್ಲ, ಏನು ಕೇಳಿದರೂ ಇಲ್ಲ. ದೇವರು ಕೊಟ್ಟ ಮಾತನ್ನು ಒಂದು ದಿನ ದೇವರಿಗೆ ಬಿಡುವುದು, ಅಷ್ಟೇ.

ಈ ಹರಕೆ ಪುಢಾರಿ ಕಾಕಾನಿಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಅವರು ಸಣ್ಣವರಿದ್ದಾಗ, ಜ್ವರ ಬಿಡದೆ ಕಾಡಿತೆಂದು, ಅವರ ತಾಯಿ ಅದೇ ಡೋಣಿಗೆ ಕರೆದೊಯ್ದು ಹಬ್ಬದ ಹತ್ತು ದಿನದ ಮಟ್ಟಿಗೆ ಮಗನನ್ನು ಮೊಹರಮ್ಮಿನ ಫಕೀರನನ್ನಾಗಿ ಮಾಡಿಸಿದ್ದಳು. ಕೊರಳಿಗೆ ಬಣ್ಣದ ದಾರ ಕಟ್ಟಿದವಳು ನಮ್ಮ ಅಜ್ಜಿ. ಈ ಕತೆಯನ್ನು ಅವರೇ ನಗುತ್ತ ಹೇಳುತ್ತಿದ್ದರು, ಹೇಳುತ್ತ ನಮ್ಮ ಮನೆಯ ಚೊಂಗೆ ತಿನ್ನುತ್ತಿದ್ದರು. ಗೋಧಿ ಹಿಟ್ಟಿನ ಹಾಳೆಯ ಮೇಲೆ ಬೆಲ್ಲ, ಗಸಗಸೆ, ಒಣಕೊಬ್ಬರಿ ಹರಡಿ ಮೊಹರಮ್ಮಿಗೆ ಮಾಡುವ ಸಿಹಿ ಅದು. ಅಪ್ಪ ಡೋಣಿಗೆ ಹೊರಟ ದಿನ ಅವ್ವ ಚೊಂಗೆ ಮಾಡುವಳು, ಮೊದಲ ತಾಟು ಬೇವಿನ ಗಿಡದ ಆಚೆಗೆ ಹೋಗುವುದು.

ಸ್ವಾತಂತ್ರ್ಯ ಬಂತು. ನಮ್ಮ ಸುತ್ತ ಅದು ತುಂಡು ತುಂಡಾಗಿ ಬಂತು. ಗದಗ ಬೆಟಗೇರಿ ಮುಂಬಯಿ ಸರಕಾರದ್ದು, ಲಕ್ಷ್ಮೇಶ್ವರ ಒಬ್ಬ ರಾಜನದು, ಶಿರಹಟ್ಟಿ ಇನ್ನೊಬ್ಬನದು, ಮುಂಡರಗಿಯ ಆಚೆ ನಡೆದರೆ ನಿಜಾಮನದು. ನಿಜಾಮನ ಸೀಮೆಯಲ್ಲಿ ರಜಾಕಾರರ ಹಾವಳಿ. ಆ ಭಯ ಸುಳ್ಳೆಂದು ಹೇಳುವವಳು ನಾನಲ್ಲ. ಸುಟ್ಟ ಮನೆ ಬಿಟ್ಟು, ಉಟ್ಟ ಬಟ್ಟೆಯಲ್ಲಿ ಓಡಿ ಬಂದವರನ್ನು ನಾನೇ ನೋಡಿದ್ದೇನೆ. ಮಗುವನ್ನು ಎಲ್ಲಿ ಕಳೆದುಕೊಂಡೆ ಎಂಬುದೇ ತಿಳಿಯದ ಒಬ್ಬ ತಾಯಿ ನಮ್ಮ ಪಡಸಾಲೆಯಲ್ಲಿ ಮಲಗಿದ್ದಳು. ಗಡಿಗೆ ಕಾವಲು ಬೇಕಿತ್ತು. ಬಿಗಿಯಾದ ಕಾವಲೇ ಬೇಕಿತ್ತು. ಆದರೆ ಕಾವಲುಗಾರನಿಗೆ ಕೋಲಿನ ಜೊತೆ ಕಣ್ಣೂ ಬೇಕಲ್ಲ? ಸರಕಾರ ಹೊಸ ಕಾಯದೆ ಕೊಟ್ಟಿತು. ಸಂಶಯ ಬಂದವನನ್ನು ಹಿಡಿಯಬಹುದು, ಆರೋಪ ಬೇಡ, ಕೋರ್ಟು ಬೇಡ. ಹಳೆಯ ಮಡಕೆಯದೇ ಅಂಬಲಿ, ಸೌಟು ಮಾತ್ರ ನಮ್ಮದು.

ಪುಢಾರಿ ಕಾಕಾ ಆಗ ಸಂರಕ್ಷಣಾ ಕಮಿಟಿಯ ಅಧ್ಯಕ್ಷರಾದರು. ಕಮಿಟಿಗೆ ಒಂದು ಮೋಟಾರು ಬಂತು. ಶಾಲು ದಪ್ಪವಾಯಿತು. ಅವರ ಕಟ್ಟೆಯ ಮೇಲಿನ ಶಾಲೆ ನಿಂತಿತು, ಪುರುಸೊತ್ತಿಲ್ಲವಂತೆ.

ಆ ವರ್ಷದ ಮೊಹರಮ್ಮಿಗೆ ಅಪ್ಪನನ್ನು ತಡೆಯಲು ಅವ್ವ ನೋಡಿದಳು. “ಈ ವರ್ಷ ಬ್ಯಾಡ್ರಿ. ಕಾಲ ಸರಿ ಇಲ್ಲ,” ಎಂದಳು. ಅಪ್ಪ ನಕ್ಕರು. “ಈಗ ನಮ್ಮದ ರಾಜ್ಯ ಬಂದೈತಿ. ಬ್ರಿಟಿಷರ ಕಾಲದಾಗ ಹೋಗ್ಯೇನಿ, ಈಗ ಹೋಗಾಕ ಏನಾಗೇತಿ?” ಎಂದರು. ಹಸಿರು ಬಟ್ಟೆಯನ್ನು ಮಡಚಿ ತಲೆಯ ಮೇಲಿಟ್ಟುಕೊಂಡರು, ಸೊಂಟಕ್ಕೆ ಲೋಬಾನದ ಗಂಟು ಕಟ್ಟಿಕೊಂಡರು, ಬರಿಗಾಲಲ್ಲಿ ಹೊಸ್ತಿಲು ದಾಟಿದರು. ಆ ಮಾತು ಮುಗಿಸಿ ಮುಚ್ಚಿದ ಬಾಯಿ ಮುಂದೆ ತೆರೆದದ್ದು ಮರುವರ್ಷ.

ಡೋಣಿಗೆ ಸ್ವಲ್ಪ ಈಚೆಗೆ ಪೊಲೀಸರು ಹೊಸ ನಾಕಾ ಹಾಕಿದ್ದರು. ಎಲ್ಲಿಂದ ಬಂದೆ ಎಂದು ಕೇಳಿದರು, ಅಪ್ಪ ಸುಮ್ಮನೆ. ಯಾರು ನೀನು ಎಂದರು, ಸುಮ್ಮನೆ. ಕೈಸನ್ನೆ ಮಾಡಿ ಡೋಣಿಯ ಕಡೆಗೆ ತೋರಿಸಿದರಂತೆ. ಆ ದಿಕ್ಕಿನಲ್ಲೇ ನಿಜಾಮನ ಗಡಿಯೂ ಇತ್ತು. ಹಸಿರು ಬಟ್ಟೆ, ಮುಚ್ಚಿದ ಬಾಯಿ, ಗಡಿಯ ಕಡೆಗೆ ಚಾಚಿದ ಬೆರಳು. ರಜಾಕಾರರಿಗೆ ನಿಶಾನೆ ಒಯ್ಯುವವನೆಂದು ಎಳೆದುಕೊಂಡು ಮುಂಡರಗಿಯ ಠಾಣೆಗೆ ಹಾಕಿದರು.

ಮರುದಿನ ಆ ದಾರಿಯ ಗಾಡಿಯವನೊಬ್ಬ ಖಬರ ತಂದ. ಅವ್ವ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಳು. ನಾನು ಬೇವಿನ ಗಿಡದ ಆಚೆಗೆ ಓಡಿದೆ. ನನಗೆ ಭಯವೇ ಆಗಲಿಲ್ಲ, ಅದೇ ತಮಾಷೆ. ಕಾಕಾ ಇದ್ದಾರೆ, ಕಾಕಾ ಎಲ್ಲ ಬಲ್ಲವರು, ಒಂದು ಮಾತು ಹೇಳಿದರೆ ಮುಗಿಯಿತು ಎಂದುಕೊಂಡಿದ್ದೆ.

“ಅಷ್ಟ ಅಲ್ಲೇನು? ನಾ ಹೆಂಗೂ ಮುಂಡರಗಿ ಕಡೆ ಹೊಂಟೇನಿ. ನಡ್ರಿ, ಮೋಟಾರದಾಗ ಕುಂಡ್ರಿ,” ಎಂದರು ಕಾಕಾ.

ನಾನೂ ಅವ್ವನೂ ಹಿಂದೆ ಕುಳಿತೆವು. ಅಪ್ಪ ಹಸಿದಿರುತ್ತಾರೆಂದು ಅವ್ವ, ಕಳವಳದಲ್ಲಿ ಯಾರಿಗೂ ಕಳಿಸದೆ ಉಳಿದಿದ್ದ ಹಿಂದಿನ ದಿನದ ಚೊಂಗೆಯನ್ನು ಅರಿವೆಯಲ್ಲಿ ಕಟ್ಟಿಕೊಂಡಿದ್ದಳು. ಹಬ್ಬದ ವಾಸನೆ ಅವರ ಮೂಗಿಗೆ ಬಡಿದಿರಬೇಕು. ತಿರುಗಿ ನೋಡಿ, “ಈ ವರ್ಷ ನನ್ನ ತಾಟು ಬರಲಿಲ್ಲಲ್ಲ ವೈನಿ?” ಎಂದರು. ಅವ್ವ ಗಂಟು ಬಿಚ್ಚಿ ಕೊಟ್ಟಳು. ದಾರಿಯುದ್ದಕ್ಕೂ ತಿಂದರು. ತಿನ್ನುತ್ತ ನಮ್ಮ ಅಜ್ಜಿಯನ್ನು ನೆನೆದರು, ದಾರ ಕಟ್ಟಿಸಿಕೊಂಡ ಕತೆಯನ್ನು ಮೋಟಾರಿನವನಿಗೂ ಹೇಳಿದರು. ಅದೇ ಕತೆ, ಅದೇ ನಗೆ.

ಠಾಣೆಯ ಫೌಜದಾರ ಕೊಂಕಣದ ಕಡೆಯವನು, ಬಂದು ಬಹಳ ದಿನ ಆಗಿರಲಿಲ್ಲ. ಮರಾಠಿ ಬೆರೆತ ಕನ್ನಡ. ಕಟುಕನೇನಲ್ಲ, ಬೇಸತ್ತ ಮನುಷ್ಯ. ಅಪ್ಪ ಸರಳಿನ ಹಿಂದೆ ನೆಲದ ಮೇಲೆ ಕುಳಿತಿದ್ದರು. ಹಸಿರು ಬಟ್ಟೆ ಫೌಜದಾರನ ಮೇಜಿನ ಮೇಲಿತ್ತು. ನನ್ನನ್ನು ನೋಡಿ ಅಪ್ಪನ ಮುಖ ಅರಳಿತು, ತುಟಿ ಅಲುಗಲಿಲ್ಲ.

“ಒಂದ ಮಾತಾಡ್ರಿ,” ಎಂದು ಅವ್ವ ಸರಳು ಹಿಡಿದು ಬೇಡಿಕೊಂಡಳು. “ದೇವ್ರು ತಿಳ್ಕೊತಾನ. ಹೆಸರಾದ್ರೂ ಹೇಳ್ರಿ.” ಅಪ್ಪ ತಲೆಯಾಡಿಸಿದರು. ಹಟ. ನನಗೂ ಅವರ ಮೇಲೆ ಸಿಟ್ಟು ಬಂತು. ಆದರೆ ಈಗ ಅನ್ನಿಸುತ್ತದೆ, ಮಾತಾಡುವುದು ಮನುಷ್ಯನ ಹಕ್ಕೆಂದು ನನಗೆ ಕಲಿಸಿದವರು ಸುಮ್ಮನಿರುವುದೂ ಹಕ್ಕೆಂದು ಕಲಿಸಲಿಲ್ಲ.

ನಾನೇ ಹರಕೆಯ ವಿಷಯ ಹೇಳಿದೆ. ಆ ಬಟ್ಟೆ ನನಗೆ ಕೊಡಿ, ನಾನೇ ಡೋಣಿಗೆ ಹೋಗಿ ಏರಿಸಿ ಬರುತ್ತೇನೆ, ಆಮೇಲೆ ಅಪ್ಪ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾರೆ ಎಂದೆ. ಫೌಜದಾರ ಹಣೆ ಒತ್ತಿಕೊಂಡ.

“ತಂಗಿ, ಈ ಅರಿವಿ ಪುರಾವಾ ಐತಿ, ಕೊಡಾಕ ಬರೂದಿಲ್ಲ. ಮಗಳು ಹೇಳಿದ್ದನ್ನ ನಾ ಹೆಂಗ ಹಿಡೀಲಿ? ಪ್ರತಿಷ್ಠಿತ ಮನುಷ್ಯ ಒಬ್ಬರು ಹೇಳಲಿ. ಈಗಿಂದೀಗ ಬಿಡ್ತೀನಿ.” ಹಾಗೆಂದವನು ಕಾಕಾನ ಕಡೆಗೆ ತಿರುಗಿದ. “ಸಾಹೇಬ್ರ, ನೀವ ಹೇಳ್ರಿ. ಹಿಂಗೊಂದು ಹರಕಿ ಇರೂದು ಖರೆ ಏನು? ಈ ಮನುಷ್ಯಾನ್ನ ನೀವು ಬಲ್ಲಿರೇನು?”

ನಾನು ನಗುತ್ತ ಕಾಕಾನನ್ನು ನೋಡಿದೆ. ಮುಗಿಯಿತು, ಮನೆಗೆ ಹೋಗುವುದು ಎಂದುಕೊಂಡೆ. ಅವರು ಬಾಗಿಲ ಕಡೆಗೆ ನೋಡಿದರು. ಹೊರಗೆ ಕಮಿಟಿಯ ಜನ ನಿಂತಿದ್ದರು. ಎರಡು ದಿನದ ಹಿಂದೆ ಗದಗಿನ ಸಭೆಯಲ್ಲಿ ಯಾರೋ ಅವರನ್ನು ಮೆತ್ತಗಿನ ಅಧ್ಯಕ್ಷ ಎಂದು ಹಂಗಿಸಿದ್ದರಂತೆ. ಶಾಲು ಸರಿಮಾಡಿಕೊಂಡರು, ಗಂಟಲು ಸರಿಮಾಡಿಕೊಂಡರು.

“ಮುಖಪರಿಚಯ ಐತಿ. ಹರಕಿ ಗಿರಕಿ ಅಂತ ನನ್ನ ಗಮನಕ್ಕ ಬಂದಿಲ್ಲ. ನಾ ಇಂಥಾ ಮೂಢನಂಬಿಕಿ ಒಪ್ಪಾಂವಲ್ಲ. ಕಾಯದೆ ತನ್ನ ಕೆಲಸ ಮಾಡಲಿ.”

ಹಾಗೆಂದಾಗ ಅವರ ಮೀಸೆಯ ಅಂಚಿನಲ್ಲಿ ಗಸಗಸೆ ಅಂಟಿಕೊಂಡಿತ್ತು. ನಮ್ಮ ಅವ್ವ ಮಾಡಿದ ಚೊಂಗೆಯ ಗಸಗಸೆ. ಎಪ್ಪತ್ತು ವರ್ಷದ ಮೇಲಾಯಿತು, ನನಗೆ ಅವರ ಭಾಷಣಗಳು ಮರೆತಿವೆ, ಆ ಗಸಗಸೆ ಮರೆತಿಲ್ಲ. ಅವ್ವ ಅದನ್ನೇ ನೋಡುತ್ತಿದ್ದಳು. ಅಪ್ಪ ಸರಳಿನ ಹಿಂದಿನಿಂದ ಅವರ ಮುಖ ನೋಡಿದರು, ಆಮೇಲೆ ಗೋಡೆಯ ಕಡೆಗೆ ತಿರುಗಿ ಕುಳಿತರು.

ನಾನು ಅವರ ಹಿಂದೆ ಅಂಗಳಕ್ಕೆ ಓಡಿದೆ. “ಕಾಕಾ, ಪಾಟಿ ಮ್ಯಾಲ ನೀವ ಬರಿಸಿದ್ರಿ. ಕೋರ್ಟಿನ ಮುಂದ ನಿಲ್ಲಿಸದ ಕೂಡಿಹಾಕೋ ಸರಕಾರ ಕಳ್ಳರ ಗುಂಪು ಅಂದಿದ್ರಿ.”

“ಹುಚ್ಚಿ, ಅದು ಪರದೇಶದವರ ಸರಕಾರ ಇತ್ತು. ಇದು ನಮ್ಮದು,” ಎಂದರು, ದನಿ ತಗ್ಗಿಸಿ. “ಅಲ್ಲಿ ಊರಿಗೆ ಬೆಂಕಿ ಬಿದ್ದೈತಿ. ಇಂಥಾ ಹೊತ್ತಿನಾಗ ಒಬ್ಬಿಬ್ಬರಿಗೆ ತ್ರಾಸ ಆಗ್ತೈತಿ. ದೇಶದ ಸಲುವಾಗಿ ತಾಳ್ಕೋಬೇಕು.”

“ನಿಮಗ ಎಲ್ಲಾ ಗೊತ್ತಿತ್ತಲ್ಲ ಕಾಕಾ. ಮೋಟಾರದಾಗ ಈಗ ಹೇಳಿದ್ರಲ್ಲ.”

ಅವರು ಸುತ್ತ ನೋಡಿದರು. ಯಾರೂ ಹತ್ತಿರ ಇರಲಿಲ್ಲ. ಆಗ ಮಾತ್ರ ಖರೆ ಮಾತು ಬಂತು. “ಈಗ ನಾ ಹಸರ ಅರಿವಿ ಪರವಾಗಿ ಬಾಯಿ ತಗದ್ರ ನಾಳೆ ನನ್ನ ಹಿಂದ ಯಾರ ನಿಂದರ್ತಾರ, ಹೇಳು?”

ಅಷ್ಟು ಹೇಳಿ ಮೋಟಾರು ಹತ್ತಿ ಹೋದರು. ನಮ್ಮನ್ನು ಅಲ್ಲೇ ಬಿಟ್ಟು ಹೋದರು. ನಾನೂ ಅವ್ವನೂ ಗಾಡಿ ಹಿಡಿದು ಬೆಟಗೇರಿಗೆ ಬಂದೆವು.

ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚಿದರು ಎನ್ನುತ್ತಾರೆ. ಇಲ್ಲಿ ಇಲಿಯೂ ಇರಲಿಲ್ಲ, ಬೆಂಕಿ ಮಾತ್ರ ಬಿತ್ತು. ಗದಗಿನ ಒಬ್ಬ ವಕೀಲರ ಹತ್ತಿರ ಹೋದೆವು. ಅವರು ಪಾಪ ಒಳ್ಳೆಯವರು, ಕೈ ಚೆಲ್ಲಿದರು. “ಆರೋಪ ಇದ್ರ ವಾದ ಮಾಡಬಹುದು ತಂಗಿ. ಇದರಾಗ ಆರೋಪನ ಇಲ್ಲ. ನಾ ಯಾವುದರ ವಿರುದ್ಧ ನಿಂದರಲಿ?” ಎಂದರು. ಅಪ್ಪನನ್ನು ದೂರದ ಜೈಲಿಗೆ ಸಾಗಿಸಿದರು. ಮಗ್ಗ ನಿಂತಿತು. ಅವ್ವ ಕಂಡವರ ಮನೆಯಲ್ಲಿ ನೂಲು ಸುತ್ತಿದಳು, ನಾನೂ ಸುತ್ತಿದೆ. ಓಣಿಯವರು ಮೊದಮೊದಲು ಬಂದರು, ಆಮೇಲೆ ಬರುವುದು ಬಿಟ್ಟರು. ಸಂಶಯದ ಮನೆಗೆ ಹೋದರೆ ಸಂಶಯ ಅಂಟುತ್ತದೆ ಎಂಬ ಬುದ್ಧಿ ಎಲ್ಲರಿಗೂ ಬೇಗ ಬಂದಿತ್ತು. ಬೇವಿನ ಗಿಡದ ಆಚೆಯಲ್ಲಿ ಸಭೆಗಳು ನಡೆಯುತ್ತಿದ್ದವು. ‘ನಮ್ಮ ಹಕ್ಕುಗಳು’ ಎಂಬ ಮಾತು ಗೋಡೆ ದಾಟಿ ಕೇಳುತ್ತಿತ್ತು. ಆ ದನಿ ಕೇಳಿದರೆ ಅವ್ವ ಎದ್ದು ಕಿಟಕಿ ಹಾಕುತ್ತಿದ್ದಳು.

ಮುಂದಿನ ವರ್ಷ ಹೈದರಾಬಾದು ಭಾರತಕ್ಕೆ ಸೇರಿತು, ಗಡಿಯೇ ಇಲ್ಲವಾಯಿತು. ಒಂದು ದಿನ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಯಾಕೆ ಹಿಡಿದಿದ್ದೆವು, ಯಾಕೆ ಬಿಟ್ಟೆವು ಎಂದು ಯಾರೂ ಹೇಳಿರಲಿಲ್ಲ. ಬಟ್ಟೆ ತಿರುಗಿ ಕೊಟ್ಟಿರಲಿಲ್ಲ. ಎಡಗೈಯ ಹೆಬ್ಬೆರಳು ಸೊಟ್ಟಗಾಗಿತ್ತು. ಅವ್ವ ಮೈಮೇಲೆ ಬಿದ್ದು ಅತ್ತಳು. ಅಪ್ಪ ಅವಳ ತಲೆ ಸವರಿದರು, ಬಾಯಿ ಬಿಡಲಿಲ್ಲ. ಆಗ ನಮಗೆ ತಿಳಿಯಿತು. ದೇವರಿಗೆ ಬಟ್ಟೆ ಏರಿರಲಿಲ್ಲ, ಆದ್ದರಿಂದ ಹರಕೆ ಮುಗಿದಿರಲಿಲ್ಲ. ಜೈಲಿನಲ್ಲಿ ಎಲ್ಲರೂ ಅವರನ್ನು ಮೂಗ ಎಂದು ಕರೆಯುತ್ತಿದ್ದರಂತೆ.

ಅಪ್ಪ ಸೊಟ್ಟ ಹೆಬ್ಬೆರಳಲ್ಲೇ ಹೊಸ ಹಸಿರು ಬಟ್ಟೆ ನೇಯ್ದರು. ಮೊಹರಮ್ ಬಂತು. ಈ ಸಲ ನಾನು ಅವರ ಹಿಂದೆ ಹಿಂದೆ ನಡೆದೆ, ಯಾರಾದರೂ ಕೇಳಿದರೆ ಹೇಳಲೆಂದು. ಯಾರೂ ಕೇಳಲಿಲ್ಲ. ನಾಕಾ ಇದ್ದ ಜಾಗದಲ್ಲಿ ಎಮ್ಮೆಗಳು ಮಲಗಿದ್ದವು. ಡೋಣಿಯಲ್ಲಿ ದೇವರಿಗೆ ಬಟ್ಟೆ ಏರಿಸಿ, ಲೋಬಾನ ಹಾಕಿ, ಅಪ್ಪ ನನ್ನ ಕಡೆಗೆ ತಿರುಗಿದರು.

“ನೀರ ಕೊಡ ಯವ್ವಾ,” ಎಂದರು. ಗರಗಸದ ಹಾಗಿನ ದನಿ. ಆ ದನಿ ನನ್ನ ಅಪ್ಪನದೆಂದು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಮನೆಗೆ ಬಂದ ಮರುದಿನ ಪುಢಾರಿ ಕಾಕಾ ಬಂದರು. ಬೇವಿನ ಗಿಡ ದಾಟಿ, ಹೂವಿನ ಮಾಲೆ ಹಿಡಿದು ಬಂದರು. ಅವರ ಮುಖಕ್ಕೆ ಬಾಗಿಲು ಬಡಿಯಬೇಕೆಂದು ಎದ್ದ ನನ್ನನ್ನು ಅಪ್ಪ ಕಣ್ಣಲ್ಲೇ ಕೂಡಿಸಿದರು.

“ಬರ್ರಿ, ಕುಂಡ್ರಿ,” ಎಂದು ಅಪ್ಪ ಅವ್ವನ ಕಡೆಗೆ ತಿರುಗಿದರು. “ಚೊಂಗ್ಯಾ ಕೊಡು.”

ಅವ್ವ ತಾಟು ತಂದು ನೆಲಕ್ಕೆ ಕುಕ್ಕಿದಳು. ಕಾಕಾ ತಿಂದರು. ತಿಂದರು ನೋಡಿ! ಒಂದಿಷ್ಟೂ ಗಂಟಲಿಗೆ ಸಿಕ್ಕಿಕೊಳ್ಳಲಿಲ್ಲ. ತಿಂದು ಬೆರಳು ಒರೆಸಿಕೊಂಡು ಬುದ್ಧಿ ಹೇಳಿದರು. “ಆದದ್ದು ಆಗಿ ಹೋತು. ಕಾಲ ಹಂಗಿತ್ತು. ಆದ್ರೂ ಅವತ್ತ ನೀವು ಒಂದ ಮಾತ ಆಡಿಬಿಟ್ಟಿದ್ರ ಇಷ್ಟೆಲ್ಲಾ ಆಗ್ತಿದ್ದಿಲ್ಲ.”

ಅಪ್ಪ ಖಾಲಿ ತಾಟನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಆ ಒಡೆದ ದನಿಯಲ್ಲಿ ನಿಧಾನವಾಗಿ ಹೇಳಿದರು. “ನನ್ನ ಬಾಯಿ ಹರಕೀಗೆ ಕಟ್ಟಿದ್ದೆರಿ. ನಿಮ್ಮದು ಯಾತಕ್ಕ ಕಟ್ಟಿತ್ತು?”

ಕಾಕಾ ಎದ್ದರು. ಮಾಲೆಯನ್ನು ಕಟ್ಟೆಯ ಮೇಲಿಟ್ಟು ಹೋದರು. ಅದನ್ನು ನಮ್ಮ ಆಡು ತಿಂದಿತು.

ಇಲ್ಲಿಗೆ ಮುಗಿದಿದ್ದರೆ ನಾನು ಅವರನ್ನು ಮರೆತೂಬಿಡುತ್ತಿದ್ದೆನೋ ಏನೋ. ಆದರೆ ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಕೆಲವು ವರ್ಷದ ಮೇಲೆ ಕರ್ನಾಟಕ ಒಂದಾಗಬೇಕೆಂಬ ಚಳವಳಿ ಎದ್ದಿತು. ಗಾಳಿ ಎತ್ತಲೋ ಕಾಕಾ ಅತ್ತ. ಮೆರವಣಿಗೆಯ ಮುಂದೆ ನಿಂತರು, ಬಿಸಿ ಭಾಷಣ ಮಾಡಿದರು. ಆಗ ಅವರನ್ನೇ ಹಿಡಿದರು. ಅಂಥದೇ ಕಾಯದೆ, ಆರೋಪವಿಲ್ಲ, ಕೋರ್ಟಿಲ್ಲ. ಅವರ ಹಿಂದೆ ನಿಲ್ಲುತ್ತಾರೆಂದು ಅವರು ನೆಚ್ಚಿಕೊಂಡಿದ್ದ ಜನ ಇದ್ದಾರಲ್ಲ, ಅಂದು ಒಬ್ಬನೂ ನಿಲ್ಲಲಿಲ್ಲ. ಅವರ ಹೆಂಡತಿ ನಮ್ಮ ಹೊಸ್ತಿಲಲ್ಲಿ ಬಂದು ನಿಂತಳು. “ಅಣ್ಣಾ, ಇವರಿಂದ ಏನೂ ಅಪಾಯ ಇಲ್ಲಂತ ಓಣ್ಯಾಗಿನವರು ಯಾರರೆ ಬಂದು ಹೇಳಿದ್ರ ಬಿಡ್ತಾರಂತ,” ಎಂದಳು.

ನಾನು ಆಗ ಶಾಲೆಯಲ್ಲಿ ಕಲಿಸುತ್ತಿದ್ದೆ. “ಹೇಳೂದಿಲ್ಲ, ಹೋಗ್ರಿ,” ಎಂದೆ. ಅಪ್ಪ ಎದ್ದು ಪಟಗಾ ಸುತ್ತಿಕೊಂಡರು. ನನ್ನ ಸಿಟ್ಟಿನಲ್ಲಿ ನಾನೂ ಅವರ ಹಿಂದೆ ಗದಗಿನ ಠಾಣೆಗೆ ಹೋದೆ. ಸರಳಿನ ಹಿಂದೆ ಕಾಕಾ ನೆಲದ ಮೇಲೆ ಕುಳಿತಿದ್ದರು. ಶಾಲು ಮುದ್ದೆಯಾಗಿತ್ತು.

“ಇವರನ್ನ ಬಲ್ಲಿರೇನು?” ಎಂದು ಅಧಿಕಾರಿ ಅಪ್ಪನನ್ನು ಕೇಳಿದ.

“ಸಣ್ಣಾಂವಿದ್ದಾಗಿಂದ ಬಲ್ಲೆರಿ,” ಎಂದರು ಅಪ್ಪ. “ಇವರಿಂದ ಯಾರಿಗೂ ಏನೂ ಆಗೂದಿಲ್ಲ. ಕೆಟ್ಟದ್ದೂ ಆಗೂದಿಲ್ಲ, ಛಲೋನೂ ಆಗೂದಿಲ್ಲ. ಬಿಡ್ರಿ.”

ಅಧಿಕಾರಿ ನಕ್ಕುಬಿಟ್ಟ. ಅಂದೇ ಬಿಟ್ಟ. ದಾರಿಯಲ್ಲಿ ನಾನು ಅಪ್ಪನ ಜೊತೆ ಜಗಳಕ್ಕೇ ಬಿದ್ದೆ. “ಅಂಥಾವರ ಸಲುವಾಗಿ ಯಾಕ ಹೇಳಿದಿ ಅಪ್ಪಾ? ಕುಂತಿರ್ತಿದ್ರು ಒಂದ ವರ್ಷ. ತಿಳೀತಿತ್ತು.”

“ಅವರ ಸಲುವಾಗಿ ಹೇಳಿಲ್ಲ ಯವ್ವಾ,” ಎಂದರು ಅಪ್ಪ. “ಆ ಬಾಗಲಾ ಒಳಗಿಂದ ನೋಡ್ಯೇನಿ. ಬ್ಯಾಡಾದವರ ಮ್ಯಾಲ ಹಾಕಿದಾಗ ಎಲ್ಲಾರೂ ಸುಮ್ಮಿದ್ರ ಅದು ಗಟ್ಟಿ ಆಗ್ತೈತಿ. ಆಮ್ಯಾಲ ಬೇಕಾದವರ ಮ್ಯಾಲೂ ಹಾಕ್ತಾರ.”

ಕಾಕಾ ಒಂದು ದಿನವೂ ಅಪ್ಪನಿಂದ ಉಪಕಾರವಾಯಿತೆಂದು ಹೇಳಲಿಲ್ಲ. ಸರಕಾರ ತಮಗೆ ಹೆದರಿ ಬಿಟ್ಟಿತೆಂದು ಊರೆಲ್ಲ ಹೇಳಿಕೊಂಡು ತಿರುಗಿದರು. ರಾಜ್ಯ ಒಂದಾದ ದಿನ ಗದಗಿನಲ್ಲಿ ದೊಡ್ಡ ಸಭೆ. ಗದಗ, ಲ‌ಕ್ಷ್ಮೇಶ್ವರ, ಶಿರಹಟ್ಟಿ, ಗಡಿಯ ಆಚೆಯ ಊರುಗಳು ಎಲ್ಲ ಒಂದೇ ರಾಜ್ಯದಲ್ಲಿ. ನನಗೂ ಕಣ್ಣು ತುಂಬಿತ್ತು, ಸುಳ್ಳು ಹೇಳಲಾರೆ. ಅಷ್ಟರಲ್ಲಿ ಅವರು ವೇದಿಕೆ ಹತ್ತಿದರು. ತಮ್ಮನ್ನು ವಿಚಾರಣೆಯಿಲ್ಲದೆ ಕೂಡಿಹಾಕಿದ್ದನ್ನು ಹೇಳಿ ಕಣ್ಣೊರೆಸಿಕೊಂಡರು. ಜನ ಚಪ್ಪಾಳೆ ತಟ್ಟಿದರು. ಅಪ್ಪ ಬೀಡಿ ಆರಿಸಿ ಎದ್ದು ಮನೆಗೆ ನಡೆದರು. ಮುಂದೆ ದೊಡ್ಡ ಕುರ್ಚಿ ಸಿಕ್ಕ ಮೇಲೆ, ದೇಶದ ಭದ್ರತೆಗೆ ಇಂಥ ಕಾಯದೆ ಬೇಕೇ ಬೇಕು ಎಂದು ಅದೇ ಬಾಯಿ ಭಾಷಣ ಮಾಡಿತು. ಬೇಲಿ ಎದ್ದು ಹೊಲ ಮೇಯ್ದರೆ ಸಿಟ್ಟು ಬರುತ್ತದೆ. ಮೇಯಿಸಿಕೊಂಡ ಹೊಲವೇ ಬೇಲಿಯ ಪರ ಮಾತಾಡಿದರೆ ಏನು ಬರಬೇಕು? ನನಗೆ ಬಂದದ್ದು ಹೇಸಿಕೆ. ಇನ್ನೂ ಹೋಗಿಲ್ಲ.

ಅವರು ಸತ್ತಾಗ ಊರು ಅರ್ಧ ದಿನ ಅಂಗಡಿ ಮುಚ್ಚಿತು. ಅಪ್ಪ ಅವರಿಗಿಂತ ಮೊದಲೇ ಹೋಗಿದ್ದರು, ಅಪ್ಪ ಹೋದ ದಿನ ನಮ್ಮ ಓಣಿಯ ಮಗ್ಗಗಳು ಮಾತ್ರ ನಿಂತಿದ್ದವು. ಬೇವಿನ ಗಿಡ ಈಗಿಲ್ಲ, ಅಲ್ಲಿ ಆಟೋ ನಿಲ್ಲುತ್ತವೆ. ನಮ್ಮ ಮನೆಯಲ್ಲಿ ಮಗ್ಗವೂ ಇಲ್ಲ. ಡೋಣಿಗೆ ಬಟ್ಟೆ ಒಯ್ಯಲು ಅಪ್ಪನ ನಂತರ ಗಂಡಸರು ಉಳಿಯಲಿಲ್ಲ.

ತರುಣರು ಕಾಯುತ್ತಿದ್ದರು. “ಅಜ್ಜೀ, ಬರ್ತೀರಲ್ಲ? ಭಾಳ ಏನ ಬ್ಯಾಡ, ಎರಡ ಮಾತು.”

“ಬರ್ತೀನಪಾ,” ಎಂದೆ. “ಅಕ್ಷರ ಕಲಿಸ್ಯಾರ, ಅದನ್ನ ಹೇಳ್ತೀನಿ. ಉಳಿದದ್ದು, ಅವರು ಮುಂಡರಗಿ ಠಾಣೇದಾಗ ನಮ್ಮಪ್ಪನ ಸಲುವಾಗಿ ಎಷ್ಟ ಹೇಳಿದ್ರೋ ಅಷ್ಟ ಹೇಳ್ತೀನಿ.”

“ಭಾಳ ಛಲೋ ಆತ್ರಿ ಅಜ್ಜಿ,” ಎಂದರು ಇಬ್ಬರೂ, ಖುಷಿಯಿಂದ ಕಾಲಿಗೆ ಬಿದ್ದು ಹೋದರು.

ಫಕೀರ ಅಷ್ಟರಲ್ಲಿ ನಮ್ಮ ಬಾಗಿಲಿಗೆ ಬಂದಿದ್ದ. ನವಿಲುಗರಿಯಿಂದ ಹೊಗೆಯನ್ನು ಒಳಗೆ ಬೀಸಿದ. ನಮ್ಮ ಮನೆಯಲ್ಲಿ ಲೋಬಾನದ ವಾಸನೆ ಬಂದರೆ ಅದರ ಹಿಂದೆಯೇ ಅಪ್ಪನ ಹಾಡು ಬರಬೇಕು. ಜೈಲಿನಿಂದ ಬಂದ ಮೇಲೆ ಅಪ್ಪ ಮಾತಾಡಿದರು, ನಕ್ಕರು, ನನ್ನ ಮದುವೆ ಮಾಡಿದರು, ಹಾಡಲಿಲ್ಲ. ಬಾಯಿ ತೆರೆದರೆ ಗರಗಸದ ದನಿ ಬರುತ್ತಿತ್ತು, ಕೆಮ್ಮಿ ಸುಮ್ಮನಾಗುತ್ತಿದ್ದರು. ಆ ಹಸಿರು ಬಟ್ಟೆ ಯಾವ ಸರಕಾರಿ ಕಪಾಟಿನಲ್ಲಿ ಹುಳ ತಿಂದಿತೋ... ಅದನ್ನಾದರೂ ಬಿಡಬಹುದು, ಅಂಥದನ್ನು ಮತ್ತೆ ನೇಯ್ದರು. ಆ ದನಿಯನ್ನು ಯಾರೂ ತಿರುಗಿ ತಂದುಕೊಡಲಿಲ್ಲ, ಯಾರೂ ಅದರ ಲೆಕ್ಕ ಕೇಳಲಿಲ್ಲ.

ಫಕೀರ ಹೋದ ಮೇಲೂ ಹೊಗೆ ಬಹಳ ಹೊತ್ತು ಪಡಸಾಲೆಯಲ್ಲಿ ನಿಂತಿತ್ತು. ಕುಣಿಮಗ್ಗ ಇದ್ದ ಮೂಲೆಯ ಕಡೆಗೆ ನೋಡುತ್ತ ನಾನು ಕುಳಿತೇ ಇದ್ದೆ.